ಅಂಗಾಂಶದ ಚುಕ್ಕಿ ಚಿತ್ರ
(ಚೆಂಬೂರಿನಲ್ಲಿ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಊರಿನಿಂದ ನಮ್ಮ ಮನೆಗಳಿಗೆ ಬರುವ ನೆಂಟರೆಲ್ಲ ಮುಂಬಯಿ ನೋಡಲೆಂದೇ ಬರುವವರಲ್ಲ. ಕೈಯಲ್ಲಿ ವೈದ್ಯರ ಚೀಟಿ ಹಿಡಿದು, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ದಾರಿ ಕೇಳುವವರೂ ಉಂಟು. 1941ರಲ್ಲಿ ಆರಂಭವಾದ ಆ ಆಸ್ಪತ್ರೆಗೆ ಅವರನ್ನು ಕರೆದೊಯ್ದು, ಬಯಾಪ್ಸಿಯ ಫಲಿತಾಂಶಕ್ಕಾಗಿ ಕಾದ ದಿನಗಳ ಭಾರವನ್ನು ನಾವು ಬಲ್ಲೆವು.

ಆ ಚೂರಿನಲ್ಲಿ ಹುಡುಕುವುದೇನನ್ನು? ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ಕೋಶಗಳ ಆಕಾರವನ್ನು ಪರೀಕ್ಷಿಸುತ್ತಾರೆ. ಆದರೆ ರೋಗದಲ್ಲಿ ಆಕಾರದೊಡನೆ ಕೋಶದೊಳಗಿನ ದ್ರವ್ಯಗಳೂ ಬದಲಾಗುವುವು. ಅವನ್ನು ತೂಗಿ ಗುರುತಿಸುವ ಯಂತ್ರವೇ ಮಾಸ್ ಸ್ಪೆಕ್ಟ್ರೋಮೀಟರ್. ಮೊರದಲ್ಲಿ ಕೇರುವಾಗ ಹಗುರಾದ ಹೊಟ್ಟು ದೂರ ಹಾರಿ, ಕಾಳು ಹತ್ತಿರವೇ ಬೀಳುವುದಷ್ಟೆ? ಹಾಗೆಯೇ ವಿದ್ಯುದಂಶ ಪಡೆದ ಕಣಗಳು ತಮ್ಮ ತೂಕಕ್ಕೆ ತಕ್ಕಂತೆ ಬೇರ್ಪಡುತ್ತವೆ. 1919ರಲ್ಲಿ ಕೇಂಬ್ರಿಜ್ಜಿನಲ್ಲಿ ಆಸ್ಟನ್ ಇಂಥ ಯಂತ್ರವನ್ನು ರೂಪಿಸಿದರು. ನಮ್ಮ ನೆರೆಯ ಟ್ರಾಂಬೆಯಲ್ಲಿ, ಕನ್ನಡಿಗ ರಾಜಾ ರಾಮಣ್ಣನವರು ನಿರ್ದೇಶಕರಾಗಿದ್ದ ಭಾಭಾ ಪರಮಾಣು ಸಂಶೋಧನ ಕೇಂದ್ರವೂ ಐಸೊಟೋಪುಗಳನ್ನು ಅಳೆಯಲು ಇವನ್ನು ಸ್ವತಃ ತಯಾರಿಸಿದೆ.

1997ರಲ್ಲಿ ಅಮೆರಿಕೆಯ ಕ್ಯಾಪ್ರಿಯೋಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ತೆಳುವಾದ ಅಂಗಾಂಶದ ಮೇಲೆ ಚುಕ್ಕಿ ಚುಕ್ಕಿಯಾಗಿ ಲೇಸರ್ ಬೆಳಕನ್ನು ಹಾಯಿಸಿ, ಪ್ರತಿ ಚುಕ್ಕಿಯ ದ್ರವ್ಯಗಳನ್ನೂ ತೂಗುವುದು. ಬಳಿಕ ಗಣಕಯಂತ್ರ ಅವಕ್ಕೆ ಬಣ್ಣ ತುಂಬುವುದು. ನಮ್ಮ ಅಂಗಳದ ಚುಕ್ಕಿ ರಂಗೋಲಿಯಂತೆಯೇ! ಯಾವ ದ್ರವ್ಯ ಎಲ್ಲಿ ಹೆಚ್ಚು, ಎಲ್ಲಿ ಕಡಮೆ ಎಂಬ ನಕ್ಷೆ ಸಿದ್ಧವಾಗುತ್ತದೆ.

ಒಂದು ಉದಾಹರಣೆ. ಆರೋಗ್ಯವಂತ ಪ್ರಾಸ್ಟೇಟ್ ಗ್ರಂಥಿಯಲ್ಲಿ ಸಿಟ್ರೇಟ್ ಹೇರಳ. ಕ್ಯಾನ್ಸರ್ ಬಂದಲ್ಲಿ ಅದು ಇಳಿಯುತ್ತದೆ. ಲೇಸರಿಗೆ ಬದಲು ವಿದ್ಯುದಂಶವುಳ್ಳ ಹನಿಗಳನ್ನು ಸಿಂಪಡಿಸಿ, ಗ್ಲೂಕೋಸು ಮತ್ತು ಸಿಟ್ರೇಟುಗಳ ಪ್ರಮಾಣವನ್ನು ಹೋಲಿಸಿ ರೋಗವನ್ನು ಗುರುತಿಸಬಹುದೆಂದು ಶಿಬ್‌ದಾಸ್ ಬ್ಯಾನರ್ಜಿ ಮತ್ತು ಸಂಗಡಿಗರು 2017ರಲ್ಲಿ ಸ್ಟ್ಯಾನ್‌ಫರ್ಡಿನಿಂದ ವರದಿ ಮಾಡಿದರು. ಗಡ್ಡೆಯ ಅಂಚು ಎಲ್ಲಿ ಮುಗಿಯಿತೆಂದು ಶಸ್ತ್ರವೈದ್ಯರಿಗೆ ಬೇಗ ತಿಳಿಸುವುದೂ ಈ ವಿಧಾನದ ಗುರಿ.

ಆದರೂ ಇಂದಿಗೂ ತೀರ್ಪು ಕೊಡುವುದು ಬಹುಮಟ್ಟಿಗೆ ಸೂಕ್ಷ್ಮದರ್ಶಕದ ಮುಂದೆ ಕುಳಿತ ವೈದ್ಯರೇ. ಅವರಿಗಾಗಲಿ ಹೊಸ ಯಂತ್ರಕ್ಕಾಗಲಿ ಮೊದಲು ಆ ಚೂರು ದೊರೆಯಬೇಕು. "ಕತ್ತಿ ತಾಗಿದರೆ ರೋಗ ಹಬ್ಬುತ್ತದೆ" ಎಂದು ಅಂಜಿ ತಿಂಗಳುಗಟ್ಟಲೆ ತಡಮಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ರೋಗ ಹರಡುವುದು ತೀರ ಅಪರೂಪ. ತಡಮಾಡುವುದರ ಅಪಾಯವೇ ಬಹಳ ದೊಡ್ಡದು.

ಊರಿನಿಂದ ಬಂದ ಅಣ್ಣನಿಗೋ ಅತ್ತೆಗೋ ಈ ಮಾತನ್ನು ಅವರ ನುಡಿಯಲ್ಲಿ ಹೇಳಿ ಧೈರ್ಯ ತುಂಬಲು ಇಲ್ಲಿ ನಮ್ಮನ್ನು ಬಿಟ್ಟರೆ ಯಾರಿದ್ದಾರೆ? ಅದೂ ಕನ್ನಡದ ಸೇವೆಯೇ ಎಂದು ನಾವು ನಂಬಿದ್ದೇವೆ.