ಕಿಲೋ ಅಂದರೆ ತೂಕವೇ ಅಲ್ಲ!

"ಎರಡು ಕಿಲೋ ಅಕ್ಕಿ ಕೊಡಿ" ಅಂತ ಅಂಗಡಿಯಲ್ಲಿ ಕೇಳುತ್ತೀರಲ್ಲ, ಆ ಮಾತಿನಲ್ಲಿ ತೂಕದ ಹೆಸರೇ ಇಲ್ಲ. ಕಿಲೋ ಹುಟ್ಟಿದ್ದು ಗ್ರೀಕ್ ಪದವೊಂದರಿಂದ. ಅದರ ಅರ್ಥ ಸಾವಿರ, ಅಷ್ಟೇ. ಅಂದರೆ ನೀವು ಕೇಳಿದ್ದು "ಎರಡು ಸಾವಿರ ಅಕ್ಕಿ"! ನೀವು ನುಂಗಿಬಿಟ್ಟ 'ಗ್ರಾಂ' ಅನ್ನು ಅಂಗಡಿಯವರು ತಾವೇ ಸೇರಿಸಿಕೊಂಡು ತೂಗಿ ಕೊಡುತ್ತಾರೆ, ಪುಣ್ಯ.

ಹೀಗೆ ಪದದ ಮುಂದೆ ಅಂಟಿಕೊಂಡು ಅರ್ಥ ಬದಲಿಸುವ ತುಣುಕುಗಳಿಗೆ ಪೂರ್ವಪ್ರತ್ಯಯ ಎನ್ನುತ್ತಾರೆ. ಅಳತೆಯ ಪದಗಳಿಗೆ ಇವನ್ನು ಅಂಟಿಸುವ ಪದ್ಧತಿ 1795ರಲ್ಲಿ ಫ್ರಾನ್ಸ್‌ನಲ್ಲಿ ಕಾನೂನಾಯಿತು. ಆ ಜನ ಒಂದು ಜಾಣ ಉಪಾಯ ಮಾಡಿದರು. ಅಳತೆ ಹಿಗ್ಗಬೇಕಾದರೆ ಗ್ರೀಕ್ ಸಂಖ್ಯೆ, ಕುಗ್ಗಬೇಕಾದರೆ ಲ್ಯಾಟಿನ್ ಸಂಖ್ಯೆ. ಕಿಲೋಮೀಟರ್ ಅಂದರೆ ಸಾವಿರ ಮೀಟರ್. ಮಿಲಿಮೀಟರ್ ಅಂದರೆ ಮೀಟರಿನ ಸಾವಿರದಲ್ಲೊಂದು ಪಾಲು. ಎರಡೂ ಕಡೆ ಇರುವುದು ಸಾವಿರವೇ. ಭಾಷೆ ಮಾತ್ರ ಬೇರೆ, ಆದ್ದರಿಂದಲೇ ಗೊಂದಲವಿಲ್ಲ!

ಲ್ಯಾಟಿನ್ನಿನ ಈ ಸಾವಿರ, 'ಮಿಲ್ಲೆ', ಬೇರೆ ಕಡೆಯೂ ಅಡಗಿ ಕುಳಿತಿದೆ. ರೋಮನ್ನರು ಸಾವಿರ ಜೋಡಿಹೆಜ್ಜೆಗಳ ದೂರವನ್ನು ಮಿಲ್ಲೆ ಎಂದೇ ಎಣಿಸುತ್ತಿದ್ದರು. ನಮ್ಮ ಮೈಲಿಗಲ್ಲಿನ ಮೈಲಿ ಅಲ್ಲಿಂದ ಬಂದದ್ದು. ತೋಟದಲ್ಲಿ ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಸಹಸ್ರಪದಿಗೂ ಇಂಗ್ಲಿಷಿನಲ್ಲಿ ಮಿಲಿಪೀಡ್ ಎಂಬ ಹೆಸರು. ಪಾಪ, ಬಹುತೇಕ ಸಹಸ್ರಪದಿಗಳಿಗೆ ಕೆಲವು ನೂರು ಕಾಲೂ ಇರುವುದಿಲ್ಲ. ಕೊನೆಗೂ 2021ರಲ್ಲಿ, ಆಸ್ಟ್ರೇಲಿಯಾದ ನೆಲದಾಳದಲ್ಲಿ ಸಿಕ್ಕ 1306 ಕಾಲಿನ ಒಂದು ಜೀವಿಯ ವಿವರ ಪ್ರಕಟವಾಗಿ ಆ ಹೆಸರಿನ ಮಾನ ಉಳಿಯಿತು.

ವಿಜ್ಞಾನ ಬೆಳೆದ ಹಾಗೆ ಸಾವಿರ ಸಾಲದಾಯಿತು. ಆಗ ಹೆಸರಿಟ್ಟವರು ಸಂಖ್ಯೆ ಬಿಟ್ಟು ಕಥೆಗಳ ಕಡೆ ತಿರುಗಿದರು. 1960ರಲ್ಲಿ ಅಂತರರಾಷ್ಟ್ರೀಯ ಅಳತೆಪಟ್ಟಿ ಸಿದ್ಧವಾದಾಗ ಅದರೊಳಗೆ ದೈತ್ಯರೂ ಕುಳ್ಳರೂ ಇದ್ದರು. ಗ್ರೀಕಿನ 'ಗಿಗಾಸ್' ಅಂದರೆ ದೈತ್ಯ. ಫೋನಿನ ಜಿಬಿಯಲ್ಲಿ ಕೂತಿರುವ 'ಜಿ' ಅವನೇ, ನೂರು ಕೋಟಿಯ ಒಡೆಯ. 'ಟೆರಾಸ್' ಭಯಂಕರ ವಿಚಿತ್ರ ಜೀವಿ, ಒಂದು ಲಕ್ಷ ಕೋಟಿ. 'ನಾನೋಸ್' ಅಂದರೆ ಕುಳ್ಳ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ನ್ಯಾನೊಮೀಟರ್. ಅದನ್ನು ಕಣ್ಣಿನಿಂದ ಕಾಣಲಾಗದು. ಆದರೆ ನೀವು ಈ ವಾಕ್ಯ ಓದುತ್ತಿರುವಾಗಲೂ ನಿಮ್ಮ ತಲೆಗೂದಲು ಸೆಕೆಂಡಿಗೆ ಸುಮಾರು ನಾಲ್ಕು ನ್ಯಾನೊಮೀಟರ್ ಉದ್ದವಾಗುತ್ತಲೇ ಇದೆ.

ಮುಂದಿನದು ನನಗೆ ಬಹಳ ಇಷ್ಟವಾದ ತಮಾಷೆ. ಟೆರಾ ಎಂದರೆ ಸಾವಿರವನ್ನು ನಾಲ್ಕು ಸಲ ಗುಣಿಸಿದ್ದು. ಗ್ರೀಕಿನಲ್ಲಿ ನಾಲ್ಕಕ್ಕೆ 'ಟೆಟ್ರಾ'. ನಡುವಿನ ಒಂದು ಅಕ್ಷರ ಕಿತ್ತರೆ ಟೆರಾ! ಇದು ಕಾಕತಾಳೀಯ. ಆದರೆ 1975ರಲ್ಲಿ ಹೊಸ ಹೆಸರು ಬೇಕಾದಾಗ ಇದನ್ನೇ ನಿಯಮದಂತೆ ಹಿಡಿದು, ಐದರ 'ಪೆಂಟಾ'ದಿಂದ ಒಂದು ಅಕ್ಷರ ಕಿತ್ತು ಪೆಟಾ ಮಾಡಿದರು. ಆರರ 'ಹೆಕ್ಸಾ' ಎಕ್ಸಾ ಆಯಿತು.

2022ರಲ್ಲಿ ಪಟ್ಟಿಗೆ ರೋನಾ, ಕ್ವೆಟಾ ಸೇರಿದವು. ಯಾಕೆ ರ ಮತ್ತು ಕ? ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಬೇರೆ ಅಳತೆಗಳ ಚಿಹ್ನೆಯಾಗಿ ಬಳಕೆಯಾಗದೆ ಉಳಿದಿದ್ದವು ಹೆಚ್ಚುಕಡಿಮೆ ಆರ್ ಮತ್ತು ಕ್ಯೂ ಮಾತ್ರ. 1 ಬರೆದು ಆಮೇಲೆ 27 ಸೊನ್ನೆ ಹಾಕಿದರೆ ರೋನಾ, 30 ಸೊನ್ನೆ ಹಾಕಿದರೆ ಕ್ವೆಟಾ. ಈಗ ಇಡೀ ಭೂಮಿಯನ್ನು ಸಲೀಸಾಗಿ ತೂಗಬಹುದು: ಸುಮಾರು 6 ರೋನಾಗ್ರಾಂ. ಗುರುಗ್ರಹ ಸುಮಾರು 2 ಕ್ವೆಟಾಗ್ರಾಂ. ಸೂರ್ಯ ಮಾತ್ರ ಜಗ್ಗುವುದಿಲ್ಲ, ಅವನದು 2000 ಕ್ವೆಟಾಗ್ರಾಂ. ಹಾಗಾದರೆ 2 ಕಿಲೋಕ್ವೆಟಾಗ್ರಾಂ ಎನ್ನೋಣವೇ? ಊಹೂಂ. ಒಂದು ಅಳತೆಗೆ ಒಂದೇ ಪೂರ್ವಪ್ರತ್ಯಯ, ಎರಡು ಅಂಟಿಸುವಂತಿಲ್ಲ ಎಂಬ ಕಟ್ಟುನಿಟ್ಟಾದ ನಿಯಮವಿದೆ.