ತಕ್ಕ ವೃತ್ತಿ
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ದೀಕ್ಷಾಕಲ್ಯಾಣದಂದು ಮಾಡಿದ ಭಾಷಣ)



ಇಂದು ಬೆಳಿಗ್ಗೆ ಈ ಮಂಟಪದಲ್ಲಿ ಆದಿನಾಥಸ್ವಾಮಿಯ ರಾಜ್ಯಾಭಿಷೇಕವನ್ನೂ ಷಟ್ಕರ್ಮೋಪದೇಶದ ದೃಶ್ಯವನ್ನೂ ಕಂಡು ಧನ್ಯರಾದೆವು. ಕಲ್ಪವೃಕ್ಷಗಳು ಬರಿದಾಗಿ ಪ್ರಜೆಗಳು ಹಸಿದು ಬಂದಾಗ ನಾಭಿರಾಜನು ಅವರನ್ನು ಮಗನ ಬಳಿಗೆ ಕಳುಹಿಸಿದನು. ಸ್ವಾಮಿಯು ಅವರಿಗೆ ಮತ್ತೊಂದು ಕಲ್ಪವೃಕ್ಷವನ್ನು ತೋರಿಸಲಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕೆಲಸಗಳನ್ನು ತೋರಿಸಿದನು. ಯಾರಿಗೆ ಯಾವುದು ತಕ್ಕುದು ಎಂಬ ಪ್ರಶ್ನೆ ಅಂದೇ ಹುಟ್ಟಿತು.

ಸಮಿತಿಯವರು ನನಗೆ ಕೊಟ್ಟ ವಿಷಯ 'ಯುವಕರು ಮತ್ತು ಉದ್ಯೋಗ'. ಆದರೆ ಯುವಕರಿಗಿಂತ ಅವರ ತಂದೆತಾಯಿಗಳಿಗೆ ಹೇಳಬೇಕಾದುದೇ ಹೆಚ್ಚಾಗಿದೆ. ಅವರಲ್ಲಿ ನಾನೂ ಒಬ್ಬ.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಸ್ವಾಮಿಯು ತನ್ನ ಮಕ್ಕಳಿಗೆ ವಿದ್ಯೆ ಕಲಿಸಿದ ಪ್ರಸಂಗವಿದೆ. ಮೊದಲು ಕಲಿತವರು ಹೆಣ್ಣುಮಕ್ಕಳು: ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕಿ. ಅನಂತರ ಭರತನಿಗೆ ಅರ್ಥಶಾಸ್ತ್ರ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದಾದಿಗಳು. ಒಂದೇ ಮನೆ, ಒಬ್ಬನೇ ತಂದೆ. ಆದರೂ ಎಲ್ಲರಿಗೂ ಒಂದೇ ವಿದ್ಯೆಯಲ್ಲ. ನಾವಾದರೋ ಮಗುವಿಗೆ ಎರಡೇ ಬಾಗಿಲುಗಳನ್ನು ತೆರೆದಿಡುತ್ತೇವೆ: ಒಂದು ನಮ್ಮ ಅಂಗಡಿಯದು, ಇನ್ನೊಂದು ಬೆಂಗಳೂರಿನದು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿಯು ಹೊಯ್ಸಳರ ಕಾಲದ್ದು, ೧೨ನೆಯ ಶತಮಾನದ್ದು. ಅಲ್ಲಿಗೆ ಹೋದಾಗ ಕಲ್ಲಿನ ಕೆಲಸಕ್ಕೆ ತಲೆದೂಗುತ್ತೇವೆ. ನಮ್ಮ ಹುಡುಗನೇ ಉಳಿ ಹಿಡಿಯುವೆನೆಂದರೆ ಮಾತ್ರ ಮುಖ ಗಂಟಿಕ್ಕುತ್ತೇವೆ!

ಕವಿ ರನ್ನನು ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಆತ ಕುಲವೃತ್ತಿಯನ್ನು ಬಿಟ್ಟು ವಿದ್ಯೆಯನ್ನರಸಿ ದೂರದ ಗಂಗನಾಡಿಗೆ ಬಂದು, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದನು. ಕ್ರಿ.ಶ. ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದಾಗ ಅವನಿಗೆ ನೆರವಾದವಳು ದಾನಚಿಂತಾಮಣಿ ಅತ್ತಿಮಬ್ಬೆ. ಒಲವು ರನ್ನನದು, ನಿಜ. ಆದರೆ ಗುರುವೂ ಆಶ್ರಯದಾತರೂ ಇಲ್ಲದಿದ್ದರೆ ಆ ಒಲವು ಬಳೆಯ ಮಲಾರದಲ್ಲೇ ಉಳಿಯುತ್ತಿತ್ತೇನೋ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ನನ್ನ ಮಗ ಬಾಲ್ಯದಲ್ಲಿ ರಜೆ ಬಂದರೆ ಹೊಸದುರ್ಗದ ಕಡೆಯ ಅಜ್ಜನ ಮನೆಯ ಅಟ್ಟದ ಮೇಲೆಯೇ ಇರುತ್ತಿದ್ದ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕಷ್ಟೆ. ಅವನು ಕಾಯನ್ನು ಕಿವಿಯ ಬಳಿ ಅಲುಗಿಸಿ, ಗಿಟುಕು ಕರಟವನ್ನು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ. ಆಳುಗಳೂ ಅವನನ್ನೇ ಕೇಳುತ್ತಿದ್ದರು. ನಾನು ಅದನ್ನು ಮಕ್ಕಳಾಟವೆಂದುಕೊಂಡು ಅವನನ್ನು ಇಂಜಿನಿಯರಿಂಗ್‌ಗೆ ಸೇರಿಸಿದೆ. ಅವನು ಎದುರಾಡಲಿಲ್ಲ. ನಾಲ್ಕು ವರ್ಷ ಓದಿದ, ಹಲವು ವಿಷಯಗಳಲ್ಲಿ ಉತ್ತೀರ್ಣನಾಗಲಿಲ್ಲ. ಮನೆಗೆ ಬಂದರೂ ಮಾತು ಕಡಿಮೆಯಾಯಿತು. ಕೊನೆಗೆ ಅವನ ತಾಯಿ, "ಅವನು ನಗುವುದನ್ನು ನೋಡಿ ಎಷ್ಟು ದಿನವಾಯಿತು ಹೇಳಿ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ವರ್ಷ ಅವನು ಸಂಬಳವಿಲ್ಲದೆ ಒಬ್ಬ ಕೊಬ್ಬರಿ ವರ್ತಕರಲ್ಲಿ ದುಡಿದ. ಆಗ ತಿಳಿದುದು ಎರಡು ಸಂಗತಿ. ಕಾಯಿಯ ಗುಣವನ್ನು ಅವನಂತೆ ಬಲ್ಲವರು ವಿರಳ. ಆದರೆ ಚೌಕಾಶಿ ಅವನ ಕೈಲಾಗದು. ಆದ್ದರಿಂದ ತೋಟವನ್ನು ತಾನು ನೋಡಿಕೊಂಡು, ಮಾರಾಟವನ್ನು ಸೋದರಮಾವನಿಗೆ ಬಿಟ್ಟ. ಮನೆಯಲ್ಲಿ ಕುಳಿತು ಎಷ್ಟು ಯೋಚಿಸಿದ್ದರೂ ಇದು ನಮಗೆ ಹೊಳೆಯುತ್ತಿರಲಿಲ್ಲ. ಕಳೆದ ನಾಲ್ಕು ವರ್ಷಗಳನ್ನು ಮಾತ್ರ ನಾನು ಅವನಿಗೆ ಹಿಂದಿರುಗಿಸಲಾರೆ.

ಯುವಕರಿಗೂ ಒಂದು ಮಾತು. ಇಷ್ಟವೊಂದೇ ಸಾಲದು, ಲೆಕ್ಕವೂ ಬೇಕು. ಹಿರಿಯೂರಿನಲ್ಲಿ ಕೃಷಿ ಮಾಡುವೆನೆನ್ನುವವನು ನೀರಿನ ಇತಿಹಾಸವನ್ನು ಓದಿಕೊಳ್ಳಲಿ: ೧೯೦೭ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ೧೯೩೩ರ ತರುವಾಯ ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ಇನ್ನು ಆದಾಯ ಎಷ್ಟೇ ಇರಲಿ, ವಿಷ, ದಂತ, ಅರಗು ಮುಂತಾದವುಗಳ ವ್ಯಾಪಾರವನ್ನು ಶ್ರಾವಕಾಚಾರವು ಖರಕರ್ಮಗಳೆಂದು ತೊರೆಯಿಸಿದೆ. ಆ ದಾರಿಯನ್ನು ಪರೀಕ್ಷಿಸಿ ನೋಡುವ ಅಗತ್ಯವೇ ಇಲ್ಲ.

ಚಿತ್ರದುರ್ಗದ ವಕೀಲರಲ್ಲಿ, ವೈದ್ಯರಲ್ಲಿ, ಹೊಳಲ್ಕೆರೆಯ ಅಡಿಕೆ ಬೆಳೆಗಾರರಲ್ಲಿ, ಹಿರಿಯೂರು ಹೊಸದುರ್ಗಗಳ ವರ್ತಕರಲ್ಲಿ ನನ್ನದೊಂದು ವಿನಂತಿ. ಬೇಸಿಗೆಯ ರಜೆಯಲ್ಲಿ ಸಮಾಜದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಿಮ್ಮ ಕೆಲಸದ ಜಾಗದಲ್ಲಿ ಒಂದು ತಿಂಗಳು ಇರಿಸಿಕೊಳ್ಳಿ. ಹೆಸರು ಬರೆಸಲು ಬಸದಿಯ ಕಾರ್ಯಾಲಯದಲ್ಲಿ ಪುಸ್ತಕವನ್ನಿಟ್ಟಿದ್ದಾರೆ. ಮೊದಲನೆಯ ಸಾಲಿನಲ್ಲಿ ನನ್ನ ಮಗ ತನ್ನ ತೋಟವನ್ನು ಬರೆಸಿದ್ದಾನೆ.

ಜೈ ಜಿನೇಂದ್ರ.