ಬರ ತಡೆಯುವ ಕೆಲಸಕ್ಕೆ ಊರಿನದೇ ಲೆಕ್ಕ

(ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ರೈತರ ಶಿಬಿರದಲ್ಲಿ ಮಾಡಿದ ಭಾಷಣ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳ ಜನರಿಗೆ ಬರವೆಂದರೆ ಏನೆಂದು ಹೊರಗಿನವರು ಬಂದು ಹೇಳಬೇಕಾಗಿಲ್ಲ. 1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಕ್ಷಾಮದ ಮಾತು ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ಬಹಳ ಕಾಲ ಉಳಿದಿತ್ತು. ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. 2022ರಲ್ಲಿ ಕೆರೆಗಳು ಕೋಡಿ ಬಿದ್ದವೆಂದು ನಾವು ಬಾಗಿನ ಕೊಟ್ಟೆವು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಸಾರಬೇಕಾಯಿತು. ಮಳೆಯನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ. ಬರದ ಪೆಟ್ಟನ್ನು ತಗ್ಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಪೆಟ್ಟನ್ನು ತಗ್ಗಿಸಲು ಕೆಲಸಗಳೇನೂ ಕಡಮೆ ನಡೆದಿಲ್ಲ. 1973–74ರಲ್ಲಿ ಬರಪೀಡಿತ ಪ್ರದೇಶಗಳ ಕಾರ್ಯಕ್ರಮ ಬಂತು. ಮುಂದೆ ಜಲಾನಯನ ಯೋಜನೆಗಳು ಬಂದವು, 2005ರ ಕಾಯಿದೆಯಿಂದ ಉದ್ಯೋಗ ಖಾತರಿ ಬಂತು. ಬದು ಹಾಕಿದೆವು, ಗೋಕಟ್ಟೆ ತೋಡಿದೆವು, ಚೆಕ್ ಡ್ಯಾಮ್ ಕಟ್ಟಿದೆವು, ಕೃಷಿ ಹೊಂಡ ತೆಗೆದೆವು. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮೂರಿನಲ್ಲಿ ಹತ್ತು ವರ್ಷದ ಹಿಂದೆ ಕಟ್ಟಿದ ಚೆಕ್ ಡ್ಯಾಮಿನಿಂದ ಎಷ್ಟು ಬಾವಿಗಳಿಗೆ ನೀರಾಯಿತು? ಕಚೇರಿಯಲ್ಲಿ ಕೇಳಿದರೆ ಎಷ್ಟು ಕಟ್ಟಿದರು, ಎಷ್ಟು ಹಣವಾಯಿತು ಎಂಬ ಲೆಕ್ಕ ಸಿಕ್ಕುತ್ತದೆ. ಊರಿನಲ್ಲಿ ಕೇಳಿದರೆ “ಏನೋ ಒಂದಿಷ್ಟು ಅನುಕೂಲವಾಯಿತು” ಎಂಬ ಉತ್ತರ ಬರುತ್ತದೆ. ಕಟ್ಟಿದ ಲೆಕ್ಕ ಬೇರೆ, ಫಲದ ಲೆಕ್ಕ ಬೇರೆ. ಈ ಎರಡನೆಯ ಲೆಕ್ಕವನ್ನು ಊರಿನವರೇ ಇಡಬೇಕೆಂಬುದೇ ಇಂದಿನ ನನ್ನ ಮಾತು.

ಇದರಲ್ಲಿ ಎರಡು ಕೆಲಸಗಳಿವೆ. ರಾಗಿ ಹೊಲದಲ್ಲಿ ಬೆಳೆ ನಿಂತಿರುವಾಗಲೇ ಕಳೆ ಎಷ್ಟಿದೆ, ಹುಳು ಬಿದ್ದಿದೆಯೇ ಎಂದು ದಿನವೂ ನೋಡುತ್ತೀರಿ. ಅದು ನಿಗಾ. ಸುಗ್ಗಿಯಾದ ಮೇಲೆ ಕಣದಲ್ಲಿ ರಾಶಿ ಅಳೆದು, ಹಾಕಿದ ಬೀಜ ಗೊಬ್ಬರಕ್ಕೆ ಬಂದದ್ದೆಷ್ಟು ಎಂದು ನೋಡುತ್ತೀರಿ. ಅದು ಮೌಲ್ಯಮಾಪನ. ನಿಗಾ ಇಲ್ಲದಿದ್ದರೆ ತಪ್ಪು ತಿದ್ದುವ ಕಾಲ ಮೀರುತ್ತದೆ. ಮೌಲ್ಯಮಾಪನ ಇಲ್ಲದಿದ್ದರೆ ಅದೇ ತಪ್ಪನ್ನು ಮುಂದಿನ ವರ್ಷವೂ ಮಾಡುತ್ತೇವೆ.

ಇದು ಹೊಸ ಮಾತೇನೂ ಅಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದಾಗ, ಅದರ ಫಲವನ್ನು ಬೇರೆಯಾಗಿ ನಿಂತು ಪರೀಕ್ಷಿಸಲೆಂದೇ ಯೋಜನಾ ಆಯೋಗವು ಅದೇ ವರ್ಷ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯನ್ನು ಸ್ಥಾಪಿಸಿತು. 2008ರ ಜಲಾನಯನ ಮಾರ್ಗಸೂಚಿಯಲ್ಲಿಯೂ ಯೋಜನೆಯ ಹಣದಲ್ಲಿ ನೂರಕ್ಕೆ ಒಂದು ರೂಪಾಯಿ ನಿಗಾಕ್ಕೆ, ಒಂದು ರೂಪಾಯಿ ಮೌಲ್ಯಮಾಪನಕ್ಕೆ ಎಂದು ತೆಗೆದಿರಿಸಿದ್ದರು.

ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 2001ರಿಂದ 2009ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳ 77 ಉಪ ಜಲಾನಯನಗಳಲ್ಲಿ ಸುಜಲ ಯೋಜನೆ ನಡೆಯಿತು. ಕೆಲಸ ಮಾಡಿಸಿದವರೇ ತಮಗೆ ತಾವೇ ಅಂಕ ಕೊಟ್ಟುಕೊಳ್ಳಲಿಲ್ಲ. ಬಾಹ್ಯಾಕಾಶ ಇಲಾಖೆಗೆ ಸೇರಿದ ಆಂಟ್ರಿಕ್ಸ್ ಸಂಸ್ಥೆಗೆ ನಿಗಾ ಮತ್ತು ಮೌಲ್ಯಮಾಪನದ ಹೊಣೆ ಕೊಟ್ಟರು. ಉಪಗ್ರಹದ ಚಿತ್ರಗಳಿಂದ ಹಸಿರು ಎಷ್ಟು ಹೆಚ್ಚಿತೆಂದು ನೋಡಿದರು. ಊರಿನ ಗುಂಪುಗಳೂ ಕುಳಿತು ತಮ್ಮ ಕೆಲಸವನ್ನು ತಾವೇ ತೂಗಿ ನೋಡಿದವು. ಆಕಾಶದ ಕಣ್ಣೂ ಬೇಕು, ಹೊಲದ ಬದುವಿನ ಮೇಲೆ ನಿಂತವನ ಕಣ್ಣೂ ಬೇಕು.

ಇಂಥ ಪರೀಕ್ಷೆಗೆ ಎರಡು ನಿಯಮಗಳಿವೆ. ಮೊದಲನೆಯದು, ಕೆಲಸ ಆರಂಭಿಸುವ ಮುಂಚೆಯೇ ಅಳೆದಿಡಬೇಕು. ಬಾವಿಯ ನೀರು ಮೊದಲು ಎಷ್ಟು ಆಳದಲ್ಲಿತ್ತೆಂದು ಬರೆದಿಡದೆ, ಆಮೇಲೆ ಏರಿತೆಂದು ಹೇಳುವುದು ಹೇಗೆ? ಎರಡನೆಯದು, ಕೆಲಸ ನಡೆದ ಜಾಗದ ಜೊತೆಗೆ ನಡೆಯದ ಜಾಗವನ್ನೂ ಹೋಲಿಸಿ ನೋಡಬೇಕು. 2022ರಂತಹ ಮಳೆ ವರ್ಷದಲ್ಲಿ ಪರೀಕ್ಷಿಸಿದರೆ ಎಲ್ಲ ಕೆಲಸವೂ ಗೆದ್ದಂತೆ ಕಾಣುತ್ತದೆ. 2023ರಲ್ಲಿ ಪರೀಕ್ಷಿಸಿದರೆ ಒಳ್ಳೆಯ ಕೆಲಸವೂ ಸೋತಂತೆ ಕಾಣುತ್ತದೆ. ಎರಡು ಕಡೆಯೂ ಮಳೆ ಒಂದೇ ಆಗಿದ್ದು, ಒಂದು ಕಡೆ ಬಾವಿ ಒಂದು ತಿಂಗಳು ಹೆಚ್ಚು ಬಾಳಿತೆಂದರೆ ಆಗ ಅದು ಕೆಲಸದ ಗುಣ.

ಬೇರೆ ಕಾರಣಗಳನ್ನೂ ಮರೆಯಬಾರದು. ಶಿರಾ, ಕಳ್ಳಂಬೆಳ್ಳ ಕೆರೆಗಳಿಗೆ ಹೇಮಾವತಿ ನಾಲೆಯ ನೀರು ಬಂದ ವರ್ಷ ಸುತ್ತಣ ಬಾವಿಗಳು ಏರಿದರೆ ಅದು ಚೆಕ್ ಡ್ಯಾಮಿನ ಪುಣ್ಯವಲ್ಲ. ಕೊರಟಗೆರೆಯ ಕಡೆ ಜಯಮಂಗಲಿಯ ಮರಳು ತೆಗೆದು ಬಾವಿ ಇಳಿದರೆ ಅದು ಚೆಕ್ ಡ್ಯಾಮಿನ ಪಾಪವೂ ಅಲ್ಲ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಸೌರ ವಿದ್ಯುತ್ತಿಗೆ ಗುತ್ತಿಗೆ ಹೋಗಿದೆ. ಅಲ್ಲಿ ಬಿತ್ತನೆ ಕಡಮೆಯಾದದ್ದನ್ನೆಲ್ಲ ಬರದ ಲೆಕ್ಕಕ್ಕೆ ಬರೆಯಬಾರದು. ಇಂಥ ಸಂಗತಿಗಳು ದೂರದಿಂದ ಬಂದ ಪರೀಕ್ಷಕನಿಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದ್ದರಿಂದ ಪ್ರತಿ ಊರಿನಲ್ಲೂ ಒಂದು ಪುಸ್ತಕ ಇಡಿ. ಇನ್ನೂರು ಪುಟದ ನೋಟ್ ಪುಸ್ತಕ ಸಾಕು. ಅದರಲ್ಲಿ ನಾಲ್ಕು ಸಂಗತಿಗಳಿರಲಿ.

1. ಮಳೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ, ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಅದು ಇಟ್ಟಿದೆ. ಆ ಲೆಕ್ಕವನ್ನು ಪಂಚಾಯಿತಿಯಲ್ಲಿ ಕೇಳಿ ಬರೆದುಕೊಳ್ಳಿ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಅದರಲ್ಲಿ ಎಷ್ಟು ನಿಂತಿತು, ಎಷ್ಟು ಹರಿದುಹೋಯಿತು ಎಂಬುದೇ ನಮ್ಮ ಕೆಲಸಗಳ ಪರೀಕ್ಷೆ.

2. ಬಾವಿ. ಚೆಕ್ ಡ್ಯಾಮಿನ ಕೆಳಗಿನ ಎರಡು, ದೂರದ ಎರಡು ಬಾವಿಗಳನ್ನು ಆರಿಸಿಕೊಳ್ಳಿ. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಅಳೆಯಿರಿ. ಬೆಳಿಗ್ಗೆ ಪಂಪು ಹಾಕುವ ಮುಂಚೆಯೇ ಅಳೆಯಬೇಕು. ತೆರೆದ ಬಾವಿ ಬತ್ತಿದ ಊರಿನಲ್ಲಿ ಕೊಳವೆಬಾವಿ ಎಷ್ಟು ಹೊತ್ತು ನೀರು ಕೊಡುತ್ತದೆಂದು ಬರೆಯಿರಿ. ಫ್ಲೋರೈಡಿನ ಕಾಟವಿರುವ ಪಾವಗಡದ ಕಡೆಯ ಊರುಗಳಲ್ಲಿ ಕುಡಿಯುವ ನೀರಿನ ಪರೀಕ್ಷೆಯ ಫಲವೂ ಇರಲಿ.

3. ಕೆಲಸದ ಸ್ಥಿತಿ. ಚೆಕ್ ಡ್ಯಾಮಿನಲ್ಲಿ ಹೂಳು ಎಷ್ಟು ಅಡಿ, ನೀರು ಎಷ್ಟು ದಿನ ನಿಂತಿತು, ಬದು ಎಲ್ಲಿ ಒಡೆದಿದೆ. ಮೇಲಿನ ಹೊಲಗಳಿಗೆ ಬದು ಹಾಕದೆ ಹಳ್ಳಕ್ಕೆ ಮೊದಲೇ ಅಡ್ಡಗಟ್ಟೆ ಕಟ್ಟಿದರೆ ಕೆಲವೇ ಮಳೆಗೆ ಅದು ಹೂಳಿನ ತೊಟ್ಟಿಯಾಗುತ್ತದೆ. ಇದನ್ನು ಮೊದಲ ವರ್ಷವೇ ಕಂಡರೆ ತಿದ್ದಬಹುದು.

4. ಬೆಳೆ. ಕಡಲೇಕಾಯಿ ಎಂದು ಬಿತ್ತಿದಿರಿ, ಹೂವಿನಿಂದ ಇಳಿದ ಮೊನೆ ಮಣ್ಣು ಸೇರುವ ಕಾಲದಲ್ಲಿ ಎಷ್ಟು ದಿನ ಮಳೆ ತಪ್ಪಿತು, ಎಕರೆಗೆ ಎಷ್ಟು ಚೀಲ ಬಂತು. ಯಾರ ಹೊಲದಲ್ಲಿ ಎಂಬುದನ್ನೂ ಬರೆಯಿರಿ. ಹಳ್ಳದ ದಡದ ನಾಲ್ಕು ಮನೆಗೆ ಮಾತ್ರ ಲಾಭವಾಗಿ, ಮೇಲಿನ ಕಲ್ಲುಭೂಮಿಯವರಿಗೆ, ಕುರಿ ಕಾಯುವವರಿಗೆ, ಕೂಲಿಯ ಹೆಂಗಸರಿಗೆ ಏನೂ ದಕ್ಕದಿದ್ದರೆ ಯೋಜನೆ ಅರ್ಧವೇ ಗೆದ್ದಂತೆ.

ಈ ಪುಸ್ತಕದಿಂದ ಇನ್ನೊಂದು ಪ್ರಯೋಜನವುಂಟು. ಬರ ಘೋಷಣೆ ಮಾತಿನ ಮೇಲೆ ನಡೆಯುವುದಿಲ್ಲ. 2016ರ ಬರ ನಿರ್ವಹಣಾ ಕೈಪಿಡಿಯಂತೆ ಮೊದಲು ಮಳೆಯ ಕೊರತೆ, ಆಮೇಲೆ ಬಿತ್ತನೆ, ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ, ಕೊನೆಗೆ ನೂರಕ್ಕೆ ಹತ್ತು ಹಳ್ಳಿಗಳಲ್ಲಿ ಹೊಲಕ್ಕೇ ಬಂದು ಪರಿಶೀಲನೆ. 2023ರ ಬರದ ವರ್ಷದಲ್ಲಿ, ಬೆಳೆ ನಷ್ಟ ನೂರಕ್ಕೆ 33 ಅಥವಾ ಹೆಚ್ಚಾದರೆ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿಯಂತೆ, ಎರಡು ಹೆಕ್ಟೇರಿಗೆ ಮೀರದಂತೆ ಪರಿಹಾರವೆಂಬ ನಿಯಮವಿತ್ತು. ಪರಿಶೀಲನೆಗೆ ಬಂದವರ ಮುಂದೆ “ಎಲ್ಲಾ ಹೋಯ್ತು ಸ್ವಾಮಿ” ಎಂದರೆ ಅದು ದುಃಖ, ಲೆಕ್ಕವಲ್ಲ. ಬಿತ್ತಿದ ದಿನ, ಮಳೆ ತಪ್ಪಿದ ದಿನಗಳು, ಹೋದ ವರ್ಷದ ಚೀಲಗಳು ಬರೆದಿದ್ದರೆ ಅದು ಸಾಕ್ಷಿ.

ಪುಸ್ತಕವನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಅಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ. ಶಾಲೆ ಓದಿದ ಹುಡುಗ ಹುಡುಗಿಯರು ಬರೆಯಲಿ, ಹಿರಿಯರು ಕೇಳಿ ತಿದ್ದಲಿ. ಕೆಲಸ ಸೋತಿದ್ದರೆ ಸೋತಿತೆಂದೇ ಬರೆಯಿರಿ. ಅದು ಯಾರ ಮೇಲಿನ ದೂರೂ ಅಲ್ಲ, ಊರಿಗೆ ಅವಮಾನವೂ ಅಲ್ಲ. ಮುಂದಿನ ಹಣ ಸರಿಯಾದ ಜಾಗಕ್ಕೆ ಹೋಗಲು ದಾರಿ. ಗೆದ್ದಿತೆಂದು ಸುಳ್ಳು ಬರೆದ ಊರಿಗೆ ಮುಂದಿನ ಬರವೇ ಉತ್ತರ ಹೇಳುತ್ತದೆ.

ಮಧುಗಿರಿಯ ಕೋಟೆಯನ್ನು ದಿನವೂ ನೋಡುವ ನಮಗೆ ಗಾದೆಯೊಂದು ನೆನಪಿರಬೇಕು: ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಬರ ಬಂದ ಮೇಲೆ ಲೆಕ್ಕ ಹುಡುಕುವುದು ಹಾಗೆಯೇ. ಈ ಮುಂಗಾರಿಗೆ ಮುಂಚೆ ಒಂದು ಪುಸ್ತಕ, ಒಂದು ಹಗ್ಗ, ನಾಲ್ಕು ಬಾವಿ. ಇಷ್ಟರಿಂದ ಆರಂಭಿಸಿ ಎಂದು ನಿಮ್ಮೆಲ್ಲರನ್ನೂ ಕೇಳಿಕೊಳ್ಳುತ್ತೇನೆ.